ನನ್ನ ಕಿವಿಯ ಸ್ಲೈಡು

ಭಾನುವಾರ, ಮಧ್ಯಾಹ್ನ

ನನ್ನ ಬಾಯಿಬಡುಕಿ ಮಗಳಿಗೆ ಅಮ್ಮನ ಮುತ್ತುಗಳು. ಕೂಸಿಗೆ ಇನ್ನೆರಡು ಹೆಚ್ಚಿಗೆ.

ನೀನು ಮುನಿಸಿಕೊಂಡಿದ್ದೀಯ, ಗೊತ್ತು. ಕೂಸನ್ನು ಎತ್ತಿಕೊಂಡು ಬರುತ್ತೇನೆ ಎಂದು ನೀನು ಫೋನ್ ಮಾಡಿದಾಗ, ಮನೆಗೆ ಬಣ್ಣ ಹೊಡೆಸುತ್ತಿದ್ದೇನೆ, ಈಗ ಬೇಡ ಎಂದುಬಿಟ್ಟೆ. ಅದು ಹಸಿ ಸುಳ್ಳು. ನನಗೆ ಕುಷ್ಠ ಬಂದಿದೆ, ಮಗಳೇ. ಫೋನಿನಲ್ಲಿ ಹೇಳಲು ನಾಲಿಗೆ ಏಳಲಿಲ್ಲ.

ನೀನು ಹೆರಿಗೆಗೆ ಬರುವ ಮುಂಚೆ, ಮೊಣಕೈ ಮೇಲೆ ಮಾಸಲು ಮಚ್ಚೆ ಎದ್ದಾಗಲೇ ಅನುಮಾನ ಬಂದಿತ್ತು. ನಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಕನ್ನಡಿ ಮುಂದೆ ನಿಂತು, ನನ್ನ ಕಿವಿಯ ಹಾಲೆಯನ್ನು ನಾನೇ ಚಿವುಟಿ ಹಿಡಿದು, ಬ್ಲೇಡಿನಿಂದ ಸಣ್ಣಗೆ ಗೀರಿ, ಕೆರೆದು ಸ್ಲೈಡಿಗೆ ಹಚ್ಚಿದೆ. ಮೈಕ್ರೋಸ್ಕೋಪಿನಲ್ಲಿ ರೋಗಾಣು ಕೆಂಪು ಕಡ್ಡಿಯ ಹಾಗೆ ಕಾಣುತ್ತದೆ. ನನ್ನದರಲ್ಲಿ ಒಂದೂ ಇರಲಿಲ್ಲ. ಸದ್ಯ, ಬಚಾವಾದೆ ಅಂದುಕೊಂಡೆ. ಆದರೆ ರೋಗಾಣು ಕಂಡರೆ ರೋಗ ಇದೆ, ಕಾಣದಿದ್ದರೆ ಇಲ್ಲವೆಂದಲ್ಲ. ಮಚ್ಚೆ ಕಡಿಮೆ ಇರುವವರಲ್ಲಿ ಎಷ್ಟೋ ಸಲ ರೋಗಾಣು ಕಣ್ಣಿಗೇ ಬೀಳುವುದಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಇದನ್ನು ಹೇಳಿಕೊಟ್ಟವಳು ನಾನೇ. ನನ್ನ ಸರದಿ ಬಂದಾಗ ಬೇಕಾದ್ದನ್ನೇ ನಂಬಿದೆ.

ಹೋದ ವಾರ ಸ್ಲೈಡು ಬಿಸಿ ಮಾಡುವಾಗ ದೀಪದ ಉರಿ ಕಿರುಬೆರಳಿಗೆ ತಗುಲಿದ್ದು ನನಗೆ ಗೊತ್ತೇ ಆಗಲಿಲ್ಲ. ಪಕ್ಕದ ಮೇಜಿನವಳು ಸುಟ್ಟ ವಾಸನೆ ಬಂದು ಓಡಿಬಂದಳು. ಡಾಕ್ಟರಮ್ಮ ಮಚ್ಚೆಯನ್ನು ಹತ್ತಿಯ ಎಳೆಯಿಂದ ಮುಟ್ಟಿದ್ದು ನನಗೆ ತಿಳಿಯಲಿಲ್ಲ, ಮೊಣಕೈ ಹಿಂದಿನ ನರವನ್ನೂ ಒತ್ತಿ ನೋಡಿದರು. ನರ ದಪ್ಪಗಾಗಿತ್ತು. ಸ್ಲೈಡಿನ ವಿಷಯ ಹೇಳಿದೆ.

"ಬೇರೆಯವರಾಗಿದ್ರೆ ಅಷ್ಟಕ್ಕೇ ಮನೆಗೆ ಕಳಿಸ್ತಿದ್ರಾ?" ಅಂದರು.

ಮಾತ್ರೆಗೆ ಸಾಲಿನಲ್ಲಿ ನಿಂತಾಗ, ಪರಿಚಯದ ರೋಗಿಯೊಬ್ಬರು ನಕ್ಕರೆ ಮುಖ ಗೋಡೆಗೆ ತಿರುಗಿಸಿದೆ. ಇದರಲ್ಲಿ ನಾಚಿಕೆ ಏನಿದೆ ಎಂದು ಅವರಿಗೆ ಬುದ್ಧಿ ಹೇಳುತ್ತಿದ್ದವಳು ನಾನು.

ರೋಗ ವಾಸಿಯಾಗುತ್ತದಂತೆ. ಬೆರಳಿನ ಅರಿವು ಮರಳುತ್ತದೆಯೋ ಇಲ್ಲವೋ ಹೇಳಲಾಗದಂತೆ. ಮಾತ್ರೆ ಶುರುವಾದ ಮೇಲೆ ಕೂಸನ್ನು ಎತ್ತಿಕೊಳ್ಳಲು ಭಯವಿಲ್ಲವಂತೆ. ನಿನಗೆ ಮನಸ್ಸಾದರೆ ಬಾ.

ಇತಿ,
ನಿನಗೆ ಮುಖ ತೋರಿಸಲು ಅಂಜುತ್ತಿರುವ
ಅಮ್ಮ

ತಾ.ಕ.: ಇಷ್ಟುದ್ದ ಬರೆದೂ ಮುಖ್ಯವಾದದ್ದನ್ನು ನುಂಗಿಕೊಂಡೆ. ಹೆರಿಗೆಗೆ ಬಂದಿದ್ದಾಗ ನಿನ್ನ ಬೆನ್ನು ಉಜ್ಜುತ್ತಾ ಎಡಭುಜದ ಕೆಳಗೆ ಅಂಥದೇ ಮಚ್ಚೆ ಕಂಡೆ. ಉಗುರಿನಿಂದ ಗೀರಿದೆ. ನಿನಗೆ ಗೊತ್ತೇ ಆಗಲಿಲ್ಲ. ನನ್ನ ಸ್ಲೈಡಿನಲ್ಲೇ ಇಲ್ಲದ್ದು ನಿನಗೆಲ್ಲಿಂದ ಬರಬೇಕು ಎಂದು ನೀರು ಸುರಿದು ಸುಮ್ಮನಾದೆ. ಈ ಕಾಗದ ಕೈಸೇರಿದ ದಿನವೇ ಹೋಗಿ ಡಾಕ್ಟರಿಗೆ ಬೆನ್ನು ತೋರಿಸು. ಬರೀ ಸ್ಲೈಡು ನೋಡಿ ಏನೂ ಇಲ್ಲ ಅಂದರೆ ಎದ್ದು ಬರಬೇಡ, ಮುಟ್ಟಿ ನೋಡಿ ಅನ್ನು.