ಕೊನೆಯ ಬೆಂಚಿನಿಂದ ಕಾಣುವುದು

ನವೆಂಬರ್ ೧೮, ಸೋಮವಾರ

ಪ್ರೀತಿಯ ಮಗಳೇ,

ನಿನಗೂ ಅಳಿಯಂದಿರಿಗೂ ಮಕ್ಕಳಿಗೂ ಕರ್ತನ ಶಾಂತಿ ಇರಲಿ. ನಿನ್ನ ಎರಡು ಕಾಗದಗಳೂ ಬಂದು ಆರು ವಾರವಾಯಿತು. ಕೈನೋವು ಎಂದು ನೆಪ ಹೇಳಬಹುದಿತ್ತು. ನಿಜವೇನೆಂದರೆ, "ಅಮ್ಮ ಯಾಕಪ್ಪಾ ಫೋನಿಗೇ ಬರ್ತಿಲ್ಲ?" ಎಂಬ ನಿನ್ನ ಪ್ರಶ್ನೆಗೆ ಏನು ಬರೆಯಬೇಕೋ ತೋಚಲಿಲ್ಲ.

ಅಮ್ಮ ಉಣ್ಣುತ್ತಾಳೆ, ಮನೆಗೆಲಸ ಮಾಡುತ್ತಾಳೆ. ಆರಾಧನೆಗೆ ಬರುವುದನ್ನು ಮಾತ್ರ ಬಿಟ್ಟಿದ್ದಾಳೆ.

ಹೊಸ ಪಾಸ್ಟರ್ ಬಂದದ್ದು ನಿನಗೆ ಗೊತ್ತು. ಒಳ್ಳೆಯ ಹುಡುಗ, ಮಾತು ಹರಳು ಹುರಿದಂತೆ. ಮೇ ತಿಂಗಳಲ್ಲಿ, ದೇಹಕ್ಕೆ ಅಂಗಗಳು ಹಲವು, ಪ್ರತಿಯೊಬ್ಬರಿಗೂ ದೇವರು ಒಂದು ವರ ಕೊಟ್ಟಿದ್ದಾನೆ ಎಂದು ಪ್ರಸಂಗ ಮಾಡಿದರು. ನನ್ನ ಕಣ್ಣೂ ತೇವವಾಯಿತು. ಮರುವಾರ ಬೆಂಚುಗಳ ಮೇಲೆ ಒಂದೊಂದು ಅರ್ಜಿ: 'ನಿಮ್ಮ ವರ ಯಾವುದು?' ಹಾಡುವುದು, ಬೋಧಿಸುವುದು, ಮುಂದಾಳತ್ವ, ಹೀಗೆ ಹದಿನಾಲ್ಕು ಚೌಕಗಳು. ಹದಿನೈದನೆಯದಕ್ಕೆ ಜಾಗವಿರಲಿಲ್ಲ. ದೇವರ ಕೈ ಅಷ್ಟಕ್ಕೇ ಸೋತಿತೆಂದು ಕಾಣುತ್ತದೆ.

ಈ ಸಭೆಯ ಐವತ್ತು ವರ್ಷ ನನ್ನ ನೆನಪಿನಲ್ಲಿದೆ. ಬಾಯಿದ್ದವರೇ ದೊಡ್ಡವರು ಎಂಬ ರೋಗ ಹೊಸದೇನಲ್ಲ. ತೊದಲುತ್ತಾನೆಂದು ಒಬ್ಬ ಬಡಗಿಗೆ ಬೈಬಲಿನ ಒಂದು ವಾಕ್ಯವನ್ನೂ ಓದಲು ಕೊಡದ ಹಿರಿಯರನ್ನು ಕಂಡಿದ್ದೇನೆ. ಅವರು ಕೈಯೂರಿ ಗುಡುಗುತ್ತಿದ್ದ ಪೀಠವನ್ನು ಮಾಡಿದವನು ಅವನೇ.

ಅಮ್ಮನ ಅರ್ಜಿ ಖಾಲಿ. ಮದುವೆಯಾಗಿ ಬಂದಾಗಿನಿಂದ ಅವಳ ಜಾಗ ಬಾಗಿಲ ಪಕ್ಕದ ಕೊನೆಯ ಬೆಂಚು. ಹಾಡುವಾಗ ತುಟಿ ಅಲ್ಲಾಡುತ್ತದೆ, ದನಿ ಹೊರಡುವುದಿಲ್ಲ. ಆದರೆ ಅಲ್ಲಿಂದ ಎಲ್ಲರ ಬೆನ್ನೂ ಕಾಣುತ್ತದೆ. ಯಾವ ಬೆನ್ನು ಕಾಣದೋ, ಸೋಮವಾರ ಆ ಮನೆಗೆ ಹೋಗುತ್ತಿದ್ದಳು. ಉಪದೇಶವಿಲ್ಲ; ಹೋಗಿ ಕೂರುವುದು, ತರಕಾರಿ ಇದ್ದರೆ ಹೆಚ್ಚಿಕೊಡುವುದು. ಹೆಂಡತಿ ತೀರಿಕೊಂಡ ಮೇಲೆ ಟೈಲರ್ ಅಣ್ಣ ಆರಾಧನೆಗೆ ಬರುವುದನ್ನು ನಿಲ್ಲಿಸಿದಾಗ, ಇವಳು ಅವನ ಅಂಗಡಿಯಲ್ಲಿ ಮಧ್ಯಾಹ್ನವೆಲ್ಲ ಕೂತು ಅಂಗಿಗಳಿಗೆ ಗುಂಡಿ ಹಚ್ಚಿ ಬಂದಳು. "ಅಕ್ಕ ಒಂದು ಮಾತೂ ಆಡ್ಲಿಲ್ಲ ಸಾರ್. ಹೋಗುವಾಗ 'ನಿಮ್ಮ ಜಾಗ ಖಾಲಿ ಕಾಣುತ್ತೆ' ಅಂದ್ರು, ಅಷ್ಟೇ" ಎಂದು ಅವನೇ ನನಗೆ ಹೇಳಿದ್ದ. ಮುಂದಿನ ಭಾನುವಾರ ಬಂದ.

ಜೂನ್‌ನಲ್ಲಿ ಹಿರಿಯರ ಸಮಿತಿ, ಯಾರ ವರ ಯಾವುದು, ಯಾರಿಗೆ ಯಾವ ಕೆಲಸ ಎಂದು ಪಟ್ಟಿ ಹಾಕಿತು. ನಾನೂ ಆ ಸಮಿತಿಯಲ್ಲೊಬ್ಬ. ಕೊನೆಯ ಬೆಂಚು ಸ್ವಾಗತ ತಂಡಕ್ಕೆ ಹೋಯಿತು: ನಾಲ್ವರು ನಗುಮೊಗದವರು, ಎದೆಯ ಮೇಲೆ ಬಣ್ಣದ ಪಟ್ಟಿ. ಅಮ್ಮನ ಹೆಸರಿನ ಮುಂದೆ ಒಂದು ಗೀಟು. ಕಾರ್ಯದರ್ಶಿ ಬಂದು, "ಅಮ್ಮಾ, ಮುಂದೆ ಬನ್ನಿ, ಫ್ಯಾನ್ ಕೆಳಗೆ ಆರಾಮಾಗಿ ಕೂತ್ಕೊಳ್ಳಿ. ಹಿರಿಯರ ಮನೆಯವರು ಹಿಂದೆ ಕೂತ್ರೆ ಚೆನ್ನಾಗಿರಲ್ಲ" ಎಂದ. ಮೊದಲ ಸಾಲಿನಿಂದ ಕಾಣುವುದು ಪಾಸ್ಟರರ ಬೂಟು ಮಾತ್ರ. ಇವಳು ಒಮ್ಮೊಮ್ಮೆ ತಿರುಗಿ ನೋಡಿದರೆ, ಪಕ್ಕದಲ್ಲಿದ್ದ ಕಾರ್ಯದರ್ಶಿಯ ಹೆಂಡತಿ, "ಏನಕ್ಕಾ, ಪ್ರಸಂಗ ಹಿಂದ್ಗಡೆ ನಡೀತಿದ್ಯಾ?" ಎಂದು ನಗುತ್ತಿದ್ದಳಂತೆ. ತಿರುಗುವುದನ್ನು ಬಿಟ್ಟಳು.

ಆಗಸ್ಟಿನಲ್ಲಿ ಟೈಲರ್ ಅಣ್ಣ ಮತ್ತೆ ಬರುವುದು ನಿಂತಿತು. ಎಷ್ಟು ವಾರ ಎಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಸ್ವಾಗತ ತಂಡ ಬಂದವರನ್ನೆಲ್ಲ ಸ್ವಾಗತಿಸಿತು. ಬಾರದವರು ಅವರ ಜವಾಬ್ದಾರಿಯಲ್ಲವಲ್ಲ. ಕೊನೆಗೆ ಅವನ ಕೋಣೆಯ ಬಾಗಿಲು ಒಡೆಸಿದವನು ಪಕ್ಕದಂಗಡಿಯ ಗಡಿಯಾರ ರಿಪೇರಿಯವನು, ನಮ್ಮ ಸಭೆಯವನೇ ಅಲ್ಲ. ಜ್ವರದಲ್ಲಿ ಮಲಗಿದವನು ಎದ್ದಿರಲಿಲ್ಲ. ಸತ್ತು ಮೂರು ದಿನವಾಗಿತ್ತು.

ಸಮಾಧಿಯ ಮುಂದೆ ಪಾಸ್ಟರ್ ಅರ್ಧ ಗಂಟೆ ಸೊಗಸಾಗಿ ಮಾತನಾಡಿದರು. ಅಮ್ಮ ಮನೆಗೆ ಬಂದು, "ತಿರುಗಿ ನೋಡ್ಬೇಕಾಗಿತ್ತು ನಾನು" ಎಂದಳು. ಅಲ್ಲಿಗೆ ಮುಗಿಯಿತು, ಮತ್ತೆ ಅವಳು ಸಭೆಯ ಮೆಟ್ಟಿಲು ಹತ್ತಿಲ್ಲ.

ನಾನು ಸಮಿತಿಯಲ್ಲಿ ಎದ್ದು ಕೂಗಾಡಿದೆ. ಪಾಸ್ಟರ್ ಪಾಪ, ಕಣ್ಣೀರು ಹಾಕಿದರು. "ಕ್ಷಮಿಸಿ ಅಂಕಲ್, ಒಂದು ವ್ಯವಸ್ಥೆ ಮಾಡೋಣ" ಎಂದರು. ವ್ಯವಸ್ಥೆಯೆಂದರೆ ಹಾಜರಿ ಪುಸ್ತಕ. ಗೈರಾದವರ ಫೋನಿಗೆ 'ನಿಮ್ಮನ್ನು ನೆನೆಯುತ್ತಿದ್ದೇವೆ' ಎಂದು ತಾನಾಗಿಯೇ ಸಂದೇಶ ಹೋಗುತ್ತದೆ. ಪ್ರತಿ ಸೋಮವಾರ ಅಮ್ಮನಿಗೂ ಬರುತ್ತದೆ. ಓದಿ, ಫೋನನ್ನು ಬೋರಲು ಹಾಕುತ್ತಾಳೆ. ಆಮೇಲೆ ಯಾರು ಕರೆದರೂ ಎತ್ತುವುದಿಲ್ಲ.

ಹಳೆಯ ಜಾಗ ಬಿಟ್ಟುಕೊಡುತ್ತೇವೆಂದು ಪಾಸ್ಟರ್ ಮನೆಗೇ ಬಂದು ಹೇಳಿದರು. "ಬೇಡಪ್ಪ, ಆ ಸ್ವಾಗತದ ಮಕ್ಕಳು ಚೆನ್ನಾಗಿ ಮಾಡ್ತಿದಾರೆ" ಎಂದುಬಿಟ್ಟಳು. ನೀನು ಹೇಳಿದರೆ ಕೇಳುತ್ತಾಳೆಂಬ ಆಸೆಯೂ ನನಗಿಲ್ಲ. ಆದರೂ ಬರೆ, ನನಗಲ್ಲ, ಅವಳಿಗೆ.

ಚಿಕ್ಕವಳಿಗೆ ಮಾತು ತಡವೆಂದು ಕೊರಗಿದ್ದೀಯ. ಅವಳ ಪಾಡಿಗೆ ಬಿಡು ತಾಯಿ, ಅವಸರಪಡಿಸಬೇಡ. ಕರ್ತನು ನಿನ್ನ ಹೊಸ್ತಿಲನ್ನು ಕಾಯಲಿ, ನಿಮ್ಮೆಲ್ಲರನ್ನೂ ತಂಪಾಗಿಡಲಿ.

ಇಂತಿ ನಿನ್ನ
ಅಪ್ಪ

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ಆ ಪಟ್ಟಿ ಸಿದ್ಧವಾದದ್ದು ನಮ್ಮ ಹಜಾರದಲ್ಲೇ. "ಸಾರ್, ಅಮ್ಮಾವ್ರ ವರ ಏನಂತ ಬರೀಲಿ?" ಎಂದು ಕಾರ್ಯದರ್ಶಿ ಕೇಳಿದ. "ಅವಳದ್ದೇನಯ್ಯಾ? ಆಟಕ್ಕುಂಟು, ಲೆಕ್ಕಕ್ಕಿಲ್ಲ. ಗೀಟು ಎಳೆದುಬಿಡು" ಎಂದವನು ನಾನು. ಎಲ್ಲರೂ ನಕ್ಕರು. ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಅವಳೂ ನಕ್ಕಳು.

ನಿನ್ನೆ ಕ್ಷಮೆ ಕೇಳಿದೆ. ಅವಳ ದನಿಯಲ್ಲಿ ಕೋಪವಿರಲಿಲ್ಲ, ಕೊಂಕೂ ಇರಲಿಲ್ಲ. "ಅಯ್ಯೋ, ಬಿಡಿ. ನಲವತ್ತು ವರ್ಷದಿಂದ ನನ್ನ ನೋಡ್ತಿರೋರು ನೀವು. ನಿಮಗೆ ಗೊತ್ತಿಲ್ದೆ ಹೇಳಿರ್ತೀರಾ?" ಎಂದಳು.