ಒಂದೇ ಹೆಸರಿನ ಎರಡು ಹೆಡರ್

ಜೂನ್ 9, ಸೋಮವಾರ
ಎಂಟಕ್ಕೇ ಕ್ಲಿನಿಕ್ ಬಾಗಿಲು ತೆಗೆದೆ. ಕಂಪ್ಯೂಟರ್ ಮತ್ತೆ ಎರರ್ ಅಂತ ಕೆಂಪಕ್ಷರ ಕಾರಿತು. ರೋಗಿಗಳ ಕಾಗದ ತೆರೆಯುವುದು ಅಕ್ಕನ ಮಗಳು ಕವನಾ ಬರೆದ ಪೈಥಾನ್ ಪ್ರೋಗ್ರಾಂ. ಅವಳು ಚನ್ನರಾಯಪಟ್ಟಣದ ಕಾಲೇಜಿನಲ್ಲಿ ಮೇಡಂ. ರೋಗಿಯ ಕಾಗದದ ಜೊತೆ ಹೆಡರ್ ಅಂತ ಚೀಟಿಗಳು ಬರುತ್ತವೆ, ಎಚ್ಚರಿಕೆಗಳೆಲ್ಲ ಅದರಲ್ಲೇ. ಒಮ್ಮೆ ಲಿಸ್ಟ್ ಆಗಿ, ಅಂದರೆ ಒಂದರ ಕೆಳಗೊಂದು ಬರುತ್ತವೆ, ಒಮ್ಮೆ ಡಿಕ್ಷನರಿ ಆಗಿ, ಅಂದರೆ ಹೆಸರಿಗೊಂದು ಖಾನೆ. ಅದೇ ಗೋಳು.

ಕವನಾಗೆ ಫೋನ್ ಮಾಡಿ ಅಂದರು ಡಾಕ್ಟರು. ಮಾಡುತ್ತೇನೆಯೇ? ನಾನು ಓದಿದ್ದು ಹಳೇಕೋಟೆಯಲ್ಲಿ ಏಳನೇ ಕ್ಲಾಸ್, ಆದರೂ ಅವಳ ಪಕ್ಕ ಕೂತು ಕಲಿತವನು. ಒಂದೇ ಸಾಲು ಸೇರಿಸಿದೆ — ಏನೇ ಬಂದರೂ ಡಿಕ್ಷನರಿ ಮಾಡು. ನನ್ನ ಕಾಗದವನ್ನೇ ಹಾಕಿ ನೋಡಿದೆ. ‘ಎಚ್ಚರಿಕೆ: ಬಿಪಿ.’ ಸರಿಯಾಗಿ ಬಂತು. ನನಗಿರುವುದು ಅದೊಂದೇ ರೋಗ.

ಜೂನ್ 10
ಹೋಟೆಲ್ ಚಿಕ್ಕಯ್ಯನಿಗೆ ಹೇಳಿದೆ. “ಕಾಫಿ ಕುಡಿಯೋದ್ರೊಳಗೆ ರಿಪೇರಿ ಮಾಡ್ಬುಟ್ಟೆ ಕಣ್ಲಾ.”
“ಅಂಗಾರೆ ನಮ್ ಮಿಕ್ಸಿ ರಿಪೇರೀಲಿ ಉಳಿಸ್ದಲ್ಲ ಸ್ಕ್ರೂ, ಅದ್ನೂ ಅದಕ್ಕೇ ಆಕ್ದಾ ಕೆಂಚಣ್ಣ?”
ಹೊಟ್ಟೆಕಿಚ್ಚು.

ಜೂನ್ 13, ಶುಕ್ರವಾರ, 10.15
ಕೊಚ್ಚಿಕೊಳ್ಳೋಣವೆಂದು ಕವನಾಗೆ ಫೋನ್ ಮಾಡಿದೆ. ಆ ಸಾಲನ್ನು ಎರಡು ಸಲ ಓದಿಸಿದಳು.
“ಮಾವ, ಒಂದೇ ಹೆಸರಿನ ಹೆಡರ್ ಎರಡು ಬಂದ್ರೆ ಡಿಕ್ಷನರೀಲಿ ಕೊನೇದು ಮಾತ್ರ ಉಳಿಯುತ್ತೆ. ಎರಡು ಎಚ್ಚರಿಕೆ ಇರೋರು ಯಾರ್ಯಾರು, ಈಗ್ಲೇ ನೋಡಿ.”
ಹಳೇ ರಿಜಿಸ್ಟರ್ ತೆಗೆದೆ. ಸುವರ್ಣಮ್ಮ. ಗೆಳೆಯ ಬೈರಯ್ಯನ ಹೆಂಡತಿ. ಪೆನಿಸಿಲಿನ್ ಆಗದು — ಒಂದು. ಸಕ್ಕರೆ ಕಾಯಿಲೆ — ಎರಡು. ಪರದೆಯ ಮೇಲೆ ಸಕ್ಕರೆ ಮಾತ್ರ.
ನಿನ್ನೆ ಆ ಕಾಗದ ಅರಕಲಗೂಡಿನ ನಮ್ಮ ಶಾಖೆಗೆ ಕಳಿಸಿದವನು ನಾನೇ. ಕಾಲಿನ ಹುಣ್ಣಿಗೆ ಇವತ್ತು ಹನ್ನೊಂದಕ್ಕೆ ಪೆನಿಸಿಲಿನ್ ಇಂಜೆಕ್ಷನ್. ಲಕ್ವ ಹೊಡೆದು ಅವಳ ಮಾತು ನಿಂತು ಎರಡು ವರ್ಷ... ಬೇಡ ಅನ್ನಲೂ ಆಗದು.

10.40
ಅರಕಲಗೂಡು ಎಂಗೇಜ್. ಬೈರಯ್ಯ ಸ್ವಿಚ್ ಆಫ್. ಡಾಕ್ಟರು ಹಾಸನದಲ್ಲಿ, ಎತ್ತುತ್ತಿಲ್ಲ. ಕವನಾನೂ ಕಾಲೇಜಿನಿಂದಲೇ ಅರಕಲಗೂಡಿನ ನಂಬರ್ ಒತ್ತುತ್ತಿದ್ದಾಳೆ. ಬಸ್ ಹಿಡಿದರೂ ಹನ್ನೊಂದಕ್ಕೆ ಮುಟ್ಟುವುದಿಲ್ಲ.

10.58
ಅರಕಲಗೂಡಿನ ಸಿಸ್ಟರ್ ಎತ್ತಿದಳು. “ಒಂದ್ನಿಮಿಷ ಇರಿ ಸಾ” ಅಂದು ಫೋನ್ ಮೇಜಿನ ಮೇಲಿಟ್ಟಳು. ದೂರದಲ್ಲಿ ಬೈರಯ್ಯನ ದನಿ: “ನಮ್ ಕೆಂಚಣ್ಣ ಕಂಪ್ಯೂಟರ್ನಾಗೆ ನೋಡೇ ಕಳ್ಸವ್ನೆ ಕಣವ್ವ. ಆಕು, ಏನೂ ಆಗಕ್ಕಿಲ್ಲ.”
ಕೂಗಿದೆ. ಇಲ್ಲಿ ಕೂತ ರೋಗಿಗಳೆಲ್ಲ ಎದ್ದು ನಿಂತರು. ಲೈನ್ ಕಟ್ಟಾಯಿತು. ಅವಳಿಗೆ ಕೇಳಿಸಿತೋ ಇಲ್ಲವೋ.

11.20
ಮತ್ತೆ ಎಂಗೇಜ್. ಕಾಯುತ್ತಾ ಇದನ್ನು ಬರೆಯುತ್ತಿದ್ದೇನೆ. ಪ್ರೋಗ್ರಾಂನ ಆ ಸಾಲು ಅಳಿಸಿದೆ. ಅಳಿಸಿದರೇನು?
ಫೋನ್ ಬಡಿಯುತ್ತಿದೆ. ಬೈರಯ್ಯ. ಅವನು ಏನಾದರೂ ಹೇಳುವ ಮೊದಲೇ ನಾನು ಹೇಳಬೇಕು, ತಪ್ಪು ಕಂಪ್ಯೂಟರ್ದಲ್ಲ ಕಣಪ್ಪ, ನಂದೇ—