ಅತ್ತೆಯನ್ನು ನಾನು ಕದ್ದೊಯ್ದಿಲ್ಲ

ಹೊಸನಗರ
೨೦-೧೧-೧೯೬೬

ಬೆಳ್ಳಪ್ಪನವರಿಗೆ, ಪುಷ್ಪಮ್ಮ ಬರೆಯುವ ಕಾಗದ.

ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ಆಡಬಾರದಂತೆ. ಬಾಯಲ್ಲಿ ಆಡಿಲ್ಲ, ಕೈಯಲ್ಲಿ ಬರೆದಿದ್ದೇನೆ. ಸಿಟ್ಟು ಬಂದರೆ ಬರಲಿ. ಇಲ್ಲಿ ಅತ್ತೆ ಆರಾಮಾಗಿದ್ದಾರೆ, ಹೊತ್ತು ಹೊತ್ತಿಗೆ ಬಿಸಿ ಗಂಜಿ ಉಣ್ಣುತ್ತಾರೆ. ನಾನೂ ಆರಾಮ. ನೀವು ಹೇಗಿದ್ದೀರಿ ಎಂದು ಕೇಳುವುದಿಲ್ಲ. ನಿಮ್ಮ ಕಾಗದದಲ್ಲಿ ಅಕ್ಷರಗಳೇ ಎದೆ ಉಬ್ಬಿಸಿ ನಿಂತಿದ್ದವು.

ಪಕ್ಷದ ಹೆಸರು ಅಚ್ಚಾದ ಹಾಳೆಯಲ್ಲಿ ಹೆಂಡತಿಗೆ ಕಾಗದ ಬರೆದ ಗಂಡ ಸಾಗರ ಸೀಮೆಯಲ್ಲಿ ನೀವೊಬ್ಬರೇ ಇರಬೇಕು. ತಲೆ ಕೆಟ್ಟ ನನ್ನ ತಾಯಿಯನ್ನು ಪುಸಲಾಯಿಸಿ ಕದ್ದೊಯ್ದಿದ್ದೀಯ, ರೈತ ಸಮ್ಮೇಳನಕ್ಕೆ ಮೊದಲು ತಂದು ಬಿಡದಿದ್ದರೆ ಕಾನೂನು ಏನೆಂದು ತೋರಿಸುತ್ತೇನೆ ಎಂದು ಬರೆದಿದ್ದೀರಿ. ತೋರಿಸಲು ತಡವನ್ನೂ ಮಾಡಲಿಲ್ಲ, ನಿಮ್ಮ ಫಿರ್ಯಾದು ಕಾಗದಕ್ಕಿಂತ ಮೊದಲೇ ಇಲ್ಲಿನ ಠಾಣೆಗೆ ಬಂದಿತ್ತು. ಇನ್ನು ನಾನು ಬರೆಯುತ್ತೇನೆ, ನೀವು ಓದಿ. ಭಾಷಣ ಮಾಡುವವರು ಅಪರೂಪಕ್ಕಾದರೂ ಓದಬೇಕು.

ಅತ್ತೆಯನ್ನು ನಾನು ಕದ್ದೊಯ್ದಿಲ್ಲ. ಕದಿಯಲು ಅವರು ಸಾಮಾನಲ್ಲ. ಹಡೆದ ತಾಯಿಯನ್ನು ಸಾಮಾನಿನ ಹಾಗೆ ಸೌದೆ ಕೊಟ್ಟಿಗೆಯಲ್ಲಿಟ್ಟು ಹೊರಗಿನಿಂದ ಚಿಲಕ ಹಾಕಿದವರು ನೀವು.

ಅದು ಶುರುವಾದ ದಿನ ನಿಮಗೆ ಮರೆತಿದ್ದರೆ ನೆನಪು ಮಾಡುತ್ತೇನೆ. ಯುಗಾದಿ ಕಳೆದ ಮೇಲೆ ಶಿವಮೊಗ್ಗದಿಂದ ನಿಮ್ಮ ಪಕ್ಷದ ದೊಡ್ಡವರು ಬಂದಿದ್ದರು. ಕೋಳಿ ಕೊಯ್ದಿದ್ದೆವು. ಜಗಲಿಯಲ್ಲಿ ಎಲೆ ಹಾಕಿ, ಹಸಿದವರ ಅನ್ನದ ಬಗ್ಗೆ ನೀವು ಮಾತು ಶುರು ಮಾಡಿದ್ದಿರಿ. ಅತ್ತೆ ಕಂಬ ಹಿಡಿದು ಹಿಡಿದು ಬಂದು ಬಾಗಿಲಲ್ಲಿ ಕೂತರು. "ನಂಗೂ ಒಂದ್ಚೂರು ಹಾಕ್ರೋ. ನಿನ್ನೆಯಿಂದ ಉಂಡಿಲ್ಲ" ಅಂದರು. ಸುಳ್ಳೇನೂ ಅಲ್ಲ. ಮುದುಕಿ ಬಟ್ಟೆ ಒದ್ದೆ ಮಾಡುತ್ತಾಳೆ, ಉಣ್ಣಲು ಕಡಿಮೆ ಹಾಕು ಎಂದು ನನಗೆ ಹೇಳಿದವರು ನೀವೇ. ದೊಡ್ಡವರು ನಿಮ್ಮ ಮುಖ ನೋಡಿದರು. ನೀವು ನಗುತ್ತಾ, "ಅವ್ವನಿಗೆ ಸ್ವಲ್ಪ ತಲೆ ಸರಿ ಇಲ್ಲ" ಅಂದಿರಿ. ಮಾರನೆಯ ದಿನ ಸೌದೆ ಸರಿಸಿ ಚಾಪೆ ಹಾಕಿ ಅವರನ್ನು ಅಲ್ಲಿಗೆ ನೂಕಿದಿರಿ. ಕೇಳಿದವರಿಗೆ, ಬಿಟ್ಟರೆ ಕಾಡು ಹತ್ತುತ್ತಾಳೆ, ಅವಳ ಒಳ್ಳೆಯದಕ್ಕೇ ಅಂದಿರಿ. ನಾನು ಚಿಲಕ ತೆಗೆದದ್ದಕ್ಕೆ ನನ್ನ ಕೆನ್ನೆಗೆ ಬಾರಿಸಿದ್ದನ್ನು ಅತ್ತೆ ಹಲಗೆಯ ಸಂದಿಯಿಂದ ನೋಡಿದರು. ಆಮೇಲೆ ಅವರೇ, "ತೆಗೀಬ್ಯಾಡ ಮಗಾ, ನಿಂಗ್ಯಾಕೆ ಪೆಟ್ಟು" ಅನ್ನತೊಡಗಿದರು. ನಿಮ್ಮ ಚಿಲಕಕ್ಕಿಂತ ಆ ಮಾತೇ ನನ್ನನ್ನು ಗಟ್ಟಿಯಾಗಿ ಕಟ್ಟಿ ಹಾಕಿತು.

ಆಮೇಲೆ ಗೋಡೆ. ಕೂತು ಕೂತು ಬೇಸರವಾದ ಅತ್ತೆ ಆ ಕೆಮ್ಮಣ್ಣಿನ ಗೋಡೆಯ ಮೇಲೆ ಚಿತ್ತಾರ ಬರೆಯಲು ಶುರು ಮಾಡಿದರು. ಅಕ್ಕಿ ಹಿಟ್ಟು ಯಾರು ಕೊಡಬೇಕು? ತಟ್ಟೆಯ ತಳದ ಅಗುಳನ್ನೇ ಅರೆದು ಬಿಳಿ ಮಾಡಿದರು, ಇದ್ದಿಲು ತೇದು ಕಪ್ಪು ಮಾಡಿದರು, ಸೌದೆಯ ತೊಗಟೆ ಸೀಳಿ ನಾರಿನ ಕುಂಚ ಮಾಡಿದರು. ಬಾಸಿಂಗ ಬರೆದರು, ಹೆಣೆದ ಗೆರೆಗಳ ಜೋಗಿ ಜಡೆ ಬರೆದರು. ಹೊಟ್ಟೆಗೆ ಸಾಲದ ಗಂಜಿಯಲ್ಲಿ ಗೋಡೆಗೂ ಒಂದು ಪಾಲು ಇಟ್ಟರು. ನೀವು ಸಾಗರದಿಂದ ಬಂದ ಗೆಳೆಯರನ್ನು ಕರೆದುಕೊಂಡು ಹೋಗಿ, "ನೋಡಿ, ಅನ್ನ ತಿನ್ನದೆ ಗೋಡೆಗೆ ಮೆತ್ತುತ್ತಾಳೆ" ಎಂದು ತೋರಿಸಿದಿರಿ. ಅವರು ಲೊಚಗುಟ್ಟಿದರು. ಇಂಥ ತಾಯಿಯನ್ನು ಸಾಕಿಕೊಂಡೂ ಚಳುವಳಿ ನಡೆಸುತ್ತೀರಲ್ಲ ಬೆಳ್ಳಪ್ಪ ಎಂದು ಒಬ್ಬ ನಿಮ್ಮ ಬೆನ್ನು ತಟ್ಟಿದ. ನೀವು ತಟ್ಟಿಸಿಕೊಂಡಿರಿ!

ಆ ಪೇಟೆಯವನಿಗೆ ಚಿತ್ತಾರ ಗೊತ್ತಿಲ್ಲ, ಇರಲಿ. ನೀವು ಗೋಡೆಗೆ ಚಿತ್ತಾರ ಬರೆಯದೆ ಮದುವೆಯೇ ನಡೆಯದ ದೀವರ ಮನೆಯಲ್ಲಿ ಹುಟ್ಟಿದವರು. ನಮ್ಮ ಮದುವೆಯಲ್ಲಿ ಹಸೆಗೋಡೆಯ ಮುಂದೆ ನನ್ನ ಪಕ್ಕ ಕೂತವರು. ಆ ಗೋಡೆ ಬರೆದವರು ಯಾರು? ಆ ದಿನ ಕಲೆ, ಈ ದಿನ ಹುಚ್ಚೇ? ಕೆನ್ನೆಯ ಪೆಟ್ಟನ್ನು ಎಂದಾದರೂ ಮರೆತೇನು. ಇದನ್ನು ಮರೆಯುವವಳಲ್ಲ.

ಇನ್ನು ಅಪಹರಣದ ಕಥೆ ಕೇಳಿ. ಭೂಮಿ ಹುಣ್ಣಿಮೆಯ ಮುಂಚಿನ ದಿನ ನೀವು ಸಭೆಗೆಂದು ಬೆಂಗಳೂರಿಗೆ ಹೋಗಿದ್ದಿರಿ. ಬಿಸಿಲು ನೆತ್ತಿಗೆ ಬಂದಿತ್ತು. ಪಕ್ಕದ ಮನೆಯ ದುಗ್ಗಮ್ಮ ಬೇಲಿಯ ಹತ್ತಿರ ನಿಂತು ನೋಡುತ್ತಿದ್ದಳು. ನಾನು ಚಿಲಕ ತೆಗೆದೆ.

"ಏಳಿ ಅತ್ತೆ, ಹೋಗಾಣ" ಎಂದು ಕೈ ಹಿಡಿದು ಎಳೆದೆ.

"ಎಲ್ಲಿಗೆ?"

"ಹೊಸನಗರಕ್ಕೆ. ನಮ್ಮಣ್ಣ ಗುತ್ಯಪ್ಪ ಒಂದು ಕೋಣೆ ನೋಡಿದಾನೆ. ಹೊಲಿಗೆ ಕೆಲಸ ಸಿಗ್ತದೆ ನಂಗೆ."

"ಅವ್ನು ಕೇಳ್ದೆ ಕೂಡಿ ಹಾಕ್ದ, ನೀನು ಕೇಳ್ದೆ ಎಳಿತೀಯಾ? ನಾನೆಂತ ಹಗ್ಗ ಹಾಕಿದ ಕರನೇನೇ?"

ಕೈ ಬಿಟ್ಟೆ. ಅವರು ತಾವಾಗಿ ಎದ್ದು, ಗೋಡೆ ಸವರಿಕೊಂಡು ಹೊರಗೆ ಬಂದು, ಅಂಗಳದ ಬಿಸಿಲಿನಲ್ಲಿ ಕೂತರು. ಕಣ್ಣು ಮುಚ್ಚಿಕೊಂಡು ತುಂಬ ಹೊತ್ತು ಕೂತೇ ಇದ್ದರು. ಆಮೇಲೆ, "ಮೊದ್ಲು ಬುಟ್ಟಿ ಬರೀಬೇಕು. ಭೂಮ್ತಾಯಿ ಬಸುರಿ, ಬಯಕೆ ಊಟಕ್ಕೆ ಕಾಯ್ತಾ ಇರ್ತಾಳೆ. ನಮ್ಮ ರಗಳೆ ಅವ್ಳಿಗೆ ಯಾಕೆ?" ಅಂದರು. ದುಗ್ಗಮ್ಮ ಬೇಲಿ ದಾಟಿ ಬಂದಳು. ಮೂವರೂ ಕೂತು ಬುಟ್ಟಿಗೆ ಚಿತ್ತಾರ ಬರೆದೆವು. ಅತ್ತೆ ಎಳೆದ ಗೆರೆ ಒಂದೂ ಅಂಕುಡೊಂಕಾಗಲಿಲ್ಲ. ಹುಣ್ಣಿಮೆಯ ಬೆಳಿಗ್ಗೆ ಬುಟ್ಟಿ ಹೊರಲು ಗಂಡಸಿಲ್ಲವೆಂದು ಅತ್ತೆಯೇ ಹೊತ್ತರು. ಗದ್ದೆಯಲ್ಲಿ ಎಡೆಯಿಟ್ಟು, ಎಲ್ಲರಿಗೂ ಬಡಿಸಿ, ತಾವೂ ಹೊಟ್ಟೆ ತುಂಬ ಉಂಡು, ಸೆರಗಿಗೆ ಕೈ ಒರೆಸಿಕೊಂಡು, "ಈಗ ನಡಿ. ಬಸ್ಸಿಗೆ ಹೊತ್ತಾಗ್ತದೆ" ಅಂದರು. ಕೇರಿಯ ಜನರೆಲ್ಲ ಬಾಗಿಲಲ್ಲಿ ನಿಂತು ನೋಡಿದರು. ಕದ್ದೊಯ್ಯುವವರು ಹೀಗೆ ಹೋಗುತ್ತಾರೇನು?

ನಿಮ್ಮ ಫಿರ್ಯಾದಿಗಾಗಿ ಇಲ್ಲಿನ ಠಾಣೆಯವರು ಕರೆಸಿದರು. ಸಬ್ ಇನ್ಸ್‌ಪೆಕ್ಟರು ಮರ್ಯಾದಸ್ಥರು. ನನ್ನನ್ನು ಹೊರಗೆ ಬಾಗಿಲ ಬಳಿ ನಿಲ್ಲಿಸಿ, ಅತ್ತೆಗೆ ಕುರ್ಚಿ ಹಾಕಿಸಿದರು. ಸೊಸೆ ಎದುರಿದ್ದರೆ ಅಜ್ಜಿಗೆ ಮನಸ್ಸು ಬಿಚ್ಚಲು ಆಗಲಿಕ್ಕಿಲ್ಲ ಅಂದರು. ನನಗೆ ಅವಮಾನವಾಯಿತು. ಆದರೂ ಅತ್ತೆಯ ಗಂಟಲು ನಿಮಗೆ ಗೊತ್ತಲ್ಲ, ಎಲ್ಲವೂ ಕೇಳಿಸಿತು.

"ಓದು ಬರಹ ಬರ್ತದಾ ಅಜ್ಜಿ?"

"ಓದಕ್ಕೆ ಬರಲ್ಲ ಸ್ವಾಮಿ. ಬರ್ಯಕ್ಕೆ ಬರ್ತದೆ."

ಸಾಹೇಬರ ಪೆನ್ನು ನಿಂತಿತು. "ಓದೋಕೆ ಬರದವರು ಬರೆಯೋದು ಹ್ಯಾಗೆ?"

"ಕೈಯಾಗೆ."

ನನ್ನ ಪಕ್ಕದ ಪೇದೆ ಕಿಸಕ್ಕನೆ ನಕ್ಕ. ಏನು ಬರೆದಿದ್ದೀರಿ ಎಂದು ಸಾಹೇಬರು ಕೇಳಿದರು. "ಗ್ವಾಡೆ. ನಮ್ ಕಡೆ ಮದುವೆ ಗ್ವಾಡೆ ಅಷ್ಟೂ ನಾನೇ ಬರ್ದಿದ್ದು. ನಿಮ್ಮನೇಲಿ ಮದುವೆ ಇದ್ರೆ ಹೇಳಿ ಕಳ್ಸಿ, ಎಲೆ ಅಡಿಕೆ ಕೊಟ್ರೆ ಸಾಕು."

ಸಾಹೇಬರಿಗೆ ಆಗ ಹೊಳೆಯಿತು. ಗೋಡೆಗೆ ಅನ್ನ ಮೆತ್ತುವ ಹುಚ್ಚು ಎಂದು ನೀವು ಫಿರ್ಯಾದಿನಲ್ಲಿ ಬರೆದ ಸಾಲನ್ನು ಓದಿ ಹೇಳಿದರು. ಅತ್ತೆ, "ಹಿಟ್ಟು ಇರ್ಲಿಲ್ಲ, ಗಂಜಿ ಇತ್ತು. ನಿಮ್ಮುನ್ನ ಸೌದೆ ಸಂಗಡ ಕೂಡಿದ್ರೆ ನೀವೆಂತ ಮಾಡ್ತಿದ್ರಿ?" ಅಂದರು.

"ಕಿರುಚ್ತಿದ್ದೆ ಅಜ್ಜಿ."

"ಅದ್ನೂ ಮಾಡ್ದೆ. ಯಾರೂ ಬರ್ಲಿಲ್ಲ."

ಪೇದೆ ನಗು ನಿಲ್ಲಿಸಿ ಟೊಪ್ಪಿಗೆ ತೆಗೆದ. ಕೊನೆಗೆ ಸಾಹೇಬರು, ಮಗನ ಹತ್ತಿರ ಹೋಗ್ತೀರಾ ಎಂದು ಕೇಳಿದರು. "ಕಳ್ಸಿದ್ರೆ ಹೋಗಲ್ಲ" ಅಂದರು ಅತ್ತೆ. ಅಷ್ಟು ಸಾಕಾಯಿತು. ಯಾರೂ ಯಾರನ್ನೂ ಕದ್ದಿಲ್ಲ ಎಂದು ಬರೆದುಕೊಂಡು ಓದಿ ಹೇಳಿದರು. ರುಜು ಎಂಬ ಜಾಗದಲ್ಲಿ ಅತ್ತೆ ಒಂದು ಪುಟ್ಟ ಬಾಸಿಂಗ ಬರೆದರು. ಸಾಹೇಬರು ನಗುತ್ತಾ ಪಕ್ಕದಲ್ಲಿ ಹೆಬ್ಬೆಟ್ಟನ್ನೂ ಒತ್ತಿಸಿಕೊಂಡರು.

ಅಲ್ಲಿಗೆ ಬಿಡುವವಳಲ್ಲ ನಾನು. ಅತ್ತೆಯನ್ನು ಕರೆದುಕೊಂಡು ತೀರ್ಥಹಳ್ಳಿಗೆ ಹೋದೆ. ಗೇಣಿದಾರರ ಪರವಾಗಿ ವಾದ ಮಾಡುತ್ತಿದ್ದ ವಕೀಲ ವೆಂಕಟ್ರಮಣರು ನಿಮಗೂ ಗೊತ್ತು. ಅವರು ಹೇಳಿದ್ದನ್ನು ಕೇಳಿಸಿಕೊಳ್ಳಿ. ಮಗ ಅಂದ ಮಾತ್ರಕ್ಕೆ ತಾಯಿ ಹುಚ್ಚಿಯಾಗುವುದಿಲ್ಲ, ಅದನ್ನು ಡಾಕ್ಟರನ್ನು ಕೇಳಿ ಜಡ್ಜು ಹೇಳಬೇಕು. ತಾಯಿಯಾದರೂ ಸರಿ, ಮನುಷ್ಯರನ್ನು ಕೂಡಿ ಹಾಕುವುದು ಅಪರಾಧ. ವಯಸ್ಸಾದ ತಾಯಿಗೆ ಅನ್ನ ಬಟ್ಟೆ ಔಷಧ ಕೊಡುವುದು ಮಗನ ದೊಡ್ಡಸ್ತಿಕೆಯಲ್ಲ, ಕಾನೂನು ಹೊರಿಸಿದ ಹೊಣೆ. ಆ ಕಾನೂನು ಬಂದು ಹತ್ತು ವರ್ಷವಾಯಿತು.

"ಹಾಗಾದ್ರೆ ಕೇಸು ಹಾಕಿ. ಅವ್ರನ್ನೂ ಒಂದಷ್ಟು ದಿವ್ಸ ಒಳಗೆ ಹಾಕ್ಸಿ, ಚಿಲಕ ಹೊರಗಿಂದ ಬಿದ್ರೆ ಹ್ಯಾಗಿರ್ತದೆ ಗೊತ್ತಾಗ್ಲಿ" ಅಂದೆ.

ವಕೀಲರು ಕುರ್ಚಿಯನ್ನು ಅತ್ತೆಯ ಕಡೆ ತಿರುಗಿಸಿದರು. "ಪುಷ್ಪಮ್ಮ, ಸಿಟ್ಟು ನಿಮ್ದು, ಹಕ್ಕು ಇವರದು. ಇವರನ್ನ ಕೇಳಾಣ. ಹುಲಿಯಮ್ಮನೋರೇ, ಏನು ಮಾಡಾಣ ಹೇಳಿ."

"ಜೈಲು ಬ್ಯಾಡ ಸ್ವಾಮಿ" ಅಂದರು ಅತ್ತೆ. ಹೆತ್ತ ಕರುಳು ಎಂದುಕೊಂಡೆ. ಅಷ್ಟರಲ್ಲಿ, "ಜೈಲಿಗೆ ಹೋದ್ರೆ ಬರೋವಾಗ ಹಾರ ಹಾಕ್ತಾರೆ ಅವ್ನಿಗೆ. ಅಭ್ಯಾಸ ಆಗೋಗದೆ" ಅಂದರು. ವಕೀಲರು ಕನ್ನಡಕ ಜಾರುವಷ್ಟು ನಕ್ಕರು. ಆಮೇಲೆ ಮನೆ ಯಾರ ಹೆಸರಿನಲ್ಲಿದೆ ಎಂದು ಕೇಳಿದರು. "ನಂದೇ. ನಮ್ಮಪ್ಪ ಕೊಟ್ಟಿದ್ದು. ನಮ್ಮನೆಯೋರು ಮನೆ ಅಳಿಯ ಆಗಿ ಬಂದೋರು" ಅಂದರು ಅತ್ತೆ. ನಿಮ್ಮ ತಂದೆ ಭೂತಪ್ಪ ಮಾವ ಆ ಮನೆಗೆ ಬಂದವರೆಂದು ನನಗೂ ಗೊತ್ತಿತ್ತು; ಮನೆ ಈಗಲೂ ಅತ್ತೆಯದೇ ಎಂದು ಗೊತ್ತಿರಲಿಲ್ಲ. ಜೀವನಾಂಶದ ನೋಟೀಸು ನಿಮಗೆ ಬರುತ್ತದೆ. ಅದಕ್ಕೆ ಅತ್ತೆ ಒಪ್ಪಿದ್ದಾರೆ. ಒಪ್ಪುವ ಮೊದಲು ಮೂರು ಸಲ ಓದಿಸಿದ್ದಾರೆ.

ಇದು ಮನೆಯ ವಿಷಯ, ಬೀದಿಗೆ ತರಬೇಡ ಎಂದು ಬರೆದಿದ್ದೀರಿ. ಆಗ ಪಕ್ಷದ ಶಿಬಿರದಲ್ಲಿ ನೀವು ನಮಗೆ ಏನು ಹೇಳಿಕೊಟ್ಟಿರಿ? ಒಕ್ಕಲುಗಳು ನನ್ನ ಮಕ್ಕಳಿದ್ದ ಹಾಗೆ, ಹೊಡೆದರೂ ಬಡಿದರೂ ಅದು ನಮ್ಮ ಮನೆಯ ವಿಷಯ ಎಂದು ಒಡೆಯ ಅಂದರೆ ತಲೆ ತಗ್ಗಿಸಬೇಡಿ, ಕೂಗಿ ಅಂದಿರಿ. ಹದಿನಾರರ ಹುಡುಗಿ ನಾನು, ಮುಂದಿನ ಸಾಲಿನಲ್ಲಿ ಕೂತು ಬಾಯಿ ತೆರೆದುಕೊಂಡು ಕೇಳಿದೆ. ಆ ಮಾತಿಗೇ ಮರುಳಾಗಿ ನಿಮ್ಮನ್ನು ಕಟ್ಟಿಕೊಂಡೆ. ಮಾತು ಈಗಲೂ ಸರಿಯಾಗಿಯೇ ಇದೆ, ಆಡಿದವರು ಕೊಳೆತು ಹೋದಿರಿ. ಗದ್ದೆಯ ಒಡೆಯನ ಮೇಲೆ ಕೂಗುವುದು, ಮನೆಯ ಒಡೆಯನ ಕಾಲು ಒತ್ತುವುದು, ಇದು ಯಾವ ಸೀಮೆಯ ಚಳುವಳಿ? ಸಮ್ಮೇಳನಕ್ಕೆ ನಾನೂ ಬರುತ್ತೇನೆ. ವೇದಿಕೆ ಹತ್ತಲು ಬಿಡದಿದ್ದರೆ ಕೆಳಗೇ ನಿಂತು ಕೇಳುತ್ತೇನೆ. ನನ್ನ ಗಂಟಲೂ ಕಡಿಮೆಯದಲ್ಲ.

ಕೊನೆಯ ಮಾತು. ಅತ್ತೆ ಬರುವುದಿಲ್ಲ. ಇನ್ನು ಅವರು ನನ್ನ ಹತ್ತಿರವೇ ಇರುತ್ತಾರೆ. ನಿಮ್ಮ ಹೊಸ್ತಿಲನ್ನು ಅವರು ಮತ್ತೆ ತುಳಿಯುವುದಿಲ್ಲ. ಇದು ತೀರ್ಮಾನ.

ನಿಮ್ಮ ಶಿಬಿರದಲ್ಲೇ ಅಕ್ಷರ ಕಲಿತ,
ಪುಷ್ಪಮ್ಮ

ಮತ್ತೆ ಬರೆದದ್ದು: ಮೇಲಿನದನ್ನು ಅತ್ತೆಗೆ ಓದಿ ಹೇಳಿದೆ. ಬೈಗುಳ ಬಂದಲ್ಲೆಲ್ಲ ತಲೆದೂಗಿದರು, ಕೆಲವನ್ನು ಎರಡನೆಯ ಸಲ ಓದಿಸಿದರು. ಕೊನೆಯ ಮಾತಿಗೆ ಬಂದಾಗ ಕೈ ಅಡ್ಡ ಹಿಡಿದರು. "ಬರಲ್ಲ ಅಂತ ಯಾರೇ ಹೇಳಿದ್ದು ನಿಂಗೆ? ಅವ್ನ ಹಂಗೇ ನೀನೂ ನನ್ನ ಬಾಯಾಗೆ ಮಾತಾಡ್ತೀಯಲ್ಲೇ!" ಅಂದರು. ಆ ಮನುಷ್ಯನ ಜೊತೆ ಹೇಗಿರುತ್ತೀರಿ ಎಂದು ಜಗಳವಾಡಿದೆ, ಕಣ್ಣೀರು ಹಾಕಿದೆ, ಸೋತೆ. ಬರೆದದ್ದನ್ನು ಹೊಡೆದು ಹಾಕುವುದಿಲ್ಲ, ಅದು ನನ್ನ ಆಸೆಯಾಗಿತ್ತು ಎಂದು ನಿಮಗೂ ತಿಳಿಯಲಿ.

ಸಮ್ಮೇಳನಕ್ಕೆ ಮೊದಲು ತಾಯಿ ಬರಬೇಕು ಎಂದಿರಲ್ಲ, ಗುರುವಾರದ ಬಸ್ಸಿಗೆ ಬರುತ್ತಿದ್ದಾರೆ. ನಿಮ್ಮ ಹತ್ತಿರಕ್ಕಲ್ಲ, ತಮ್ಮ ಮನೆಗೆ. ನಡುಮನೆಯಲ್ಲಿ ಮಲಗುತ್ತಾರೆ. ದುಗ್ಗಮ್ಮ ಜೊತೆಗಿರಲು ಒಪ್ಪಿದ್ದಾಳೆ. ಠಾಣೆಗೂ ವಕೀಲರಿಗೂ ತಿಳಿಸಿಯಾಗಿದೆ. ನಿಮ್ಮ ಬಗ್ಗೆ ಏನು ಬರೆಯಲಿ ಎಂದು ಕೇಳಿದ್ದಕ್ಕೆ, "ಇರೋದಾದ್ರೆ ಇರ್ಲಿ. ನನ್ನ ಕೇಳ್ಕಂಡು ಇರ್ಲಿ" ಅಂದರು. ಜಗಲಿಯಲ್ಲಿ ಪಕ್ಷದ ಸಭೆ ಸೇರಿಸುವುದಕ್ಕೂ ಕೇಳಬೇಕಂತೆ. ನಾನು ಹಬ್ಬಕ್ಕೆ ಬಂದರೆ ಅವರ ಮನೆಗೆ ಬಂದ ನೆಂಟಳು, ನೆನಪಿರಲಿ.

ಬಸ್ಸಿನ ಹತ್ತಿರ ಬಂದು ನಾಲ್ಕು ಜನರೆದುರು ಕೈ ಹಿಡಿದು ಇಳಿಸುವ ನಾಟಕ ಬೇಡವಂತೆ. ಮನೆಯ ದಾರಿ ಅವರಿಗೆ ಗೊತ್ತಿದೆ.